ಕಾರ್ಬೊರೇಟರ್ ಟ್ಯೂನಿಂಗ್: ಸಣ್ಣ ಬೈಕು, ಸ್ಕೂಟರುಗಳಲ್ಲಿ

ಬೈಕು ಅಥವಾ ಸ್ಕೂಟರಿನ ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ಹದವನ್ನು ಸರಿಪಡಿಸುವ ಕೆಲಸಕ್ಕೆ ಕಾರ್ಬೊರೇಟರ್ ಟ್ಯೂನಿಂಗ್ ಎನ್ನುತ್ತಾರೆ. ರಸ್ತೆಬದಿಯ ಗ್ಯಾರೇಜುಗಳಲ್ಲಿ ಇದು ಸಾಮಾನ್ಯವಾಗಿ ಒಂದು ಸ್ಕ್ರೂಡ್ರೈವರಿನಲ್ಲಿ, ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮೆಕ್ಯಾನಿಕ್ ಒಂದು ಸ್ಕ್ರೂ ಅತ್ತಿತ್ತ ತಿರುಗಿಸಿ, ಆಕ್ಸಿಲರೇಟರ್ ಎರಡು ಸಲ ತಿರುವಿ, ಸದ್ದು ಕೇಳಿ ಗಾಡಿ ಒಪ್ಪಿಸುತ್ತಾನೆ. ಆದರೆ ಆ ಸ್ಕ್ರೂವಿನ ಅಧಿಕಾರ ಬಹಳ ಚಿಕ್ಕದು. ಗ್ಯಾರೇಜಿನವರು ಸ್ಲೋ ಎಂದು ಕರೆಯುವ ಐಡಲ್ ಸ್ಥಿತಿಯಲ್ಲಿ, ಮತ್ತೆ ಆಕ್ಸಿಲರೇಟರ್ ಸುಮಾರು ಎಂಟನೇ ಒಂದು ಭಾಗ ತೆರೆಯುವವರೆಗೆ ಮಾತ್ರ ಅದರ ಮಾತು ನಡೆಯುತ್ತದೆ. ರಸ್ತೆಯ ಮೇಲಿನ ಓಟದ ಬಹುಪಾಲು ಬೇರೆ ಭಾಗಗಳ ಹಿಡಿತದಲ್ಲಿದೆ. ಆದ್ದರಿಂದ ತೊಂದರೆ ಆಕ್ಸಿಲರೇಟರಿನ ಯಾವ ಹಂತದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಮೊದಲು ಗುರುತಿಸಿ, ಆ ಹಂತಕ್ಕೆ ಹೊಣೆಯಾದ ಭಾಗವನ್ನಷ್ಟೇ ಮುಟ್ಟಬೇಕು. ಒಳ್ಳೆಯ ಟ್ಯೂನಿಂಗಿಗೂ ಕೆಟ್ಟ ಟ್ಯೂನಿಂಗಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಇಷ್ಟೇ.

ಹದದ ಲೆಕ್ಕ

1 ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲಿನ ಪಾಲು ಇದಕ್ಕಿಂತ ಹೆಚ್ಚಿದ್ದರೆ ಮಿಶ್ರಣ ರಿಚ್, ಕಡಿಮೆಯಿದ್ದರೆ ಲೀನ್. 14.7 ಎಲ್ಲ ಸಂದರ್ಭಕ್ಕೂ ಒಪ್ಪುವ ಆದರ್ಶವೇನಲ್ಲ. ಎಂಜಿನ್ ಗರಿಷ್ಠ ಶಕ್ತಿ ಕೊಡುವುದು ಸ್ವಲ್ಪ ರಿಚ್ ಆದ 12.5ರಿಂದ 13ರ ಹದದಲ್ಲಿ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ 15–16ರ ಹದ ಪೆಟ್ರೋಲು ಉಳಿಸುತ್ತದೆ. ಚಳಿಯ ಮುಂಜಾವಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದ ಕಾರಣ ಇನ್ನೂ ಬಹಳ ರಿಚ್ ಮಿಶ್ರಣ ಬೇಕಾಗುತ್ತದೆ. ಚೋಕ್ ಇರುವುದು ಅದಕ್ಕೇ. ಹೀಗೆ ಕ್ಷಣಕ್ಕೊಂದು ಬೇಡಿಕೆ ಇಡುವ ಎಂಜಿನ್ನಿಗೆ ಯಾವ ವಿದ್ಯುತ್ತೂ ಕಂಪ್ಯೂಟರೂ ಇಲ್ಲದೆ, ಬರೀ ಗಾಳಿಯ ಒತ್ತಡದಿಂದ ಪೆಟ್ರೋಲು ಅಳೆದು ಕೊಡುವ ಕಾರ್ಬೊರೇಟರ್ ನಿಜಕ್ಕೂ ಮೆಚ್ಚಬೇಕಾದ ಸಾಧನ.

ಅದರ ಒಳಗುಟ್ಟು ಒಂದು ಇಕ್ಕಟ್ಟಾದ ಕೊಳವೆ. ಹೊಳೆ ಕಲ್ಲುಗಳ ಸಂದಿಯಲ್ಲಿ ವೇಗ ಪಡೆಯುವ ಹಾಗೆ, ಕೊಳವೆಯ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಇದನ್ನು ವಿವರಿಸಿದ ಇಟಲಿಯ ಭೌತವಿಜ್ಞಾನಿ ಜೊವಾನ್ನಿ ಬತಿಸ್ತ ವೆಂಚುರಿಯ (1746–1822) ಹೆಸರೇ ಆ ಭಾಗಕ್ಕೆ ಉಳಿದಿದೆ. ಕೆಳಗಿನ ಬೌಲ್‌ನಲ್ಲಿ ನಿಂತ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡವಿದೆ, ಮೇಲೆ ವೆಂಚುರಿಯಲ್ಲಿ ಒತ್ತಡ ಕಡಿಮೆಯಿದೆ. ಈ ವ್ಯತ್ಯಾಸ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲಕ್ಕೆ ದೂಡಿ ಗಾಳಿಯಲ್ಲಿ ಸಿಂಪಡಿಸುತ್ತದೆ. ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೊಂಕಾ, ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್ 1893ರ ಹೊತ್ತಿಗೆ ಇಂಥ ಸಿಂಪಡಿಸುವ ಕಾರ್ಬೊರೇಟರುಗಳನ್ನು ರೂಪಿಸಿದ್ದರು. ನೂರು ವರ್ಷ ಕಳೆದ ಮೇಲೆ ನಮ್ಮ ಬೀದಿಗಳಲ್ಲಿ ಓಡಿದ ಗಾಡಿಗಳಲ್ಲಿಯೂ ಇದ್ದದ್ದು ಅದೇ ತತ್ತ್ವ.

ಯಾವ ಹಂತಕ್ಕೆ ಯಾವ ಭಾಗ

ಯಮಹಾ ಆರ್‌ಎಕ್ಸ್ 100 ಬೈಕಿನಲ್ಲಿದ್ದ ಮಿಕುನಿ ಕಂಪನಿಯ ವಿಎಂ ಮಾದರಿ ಇದನ್ನು ಅರಿಯಲು ಅನುಕೂಲವಾದದ್ದು. ಬ್ರಿಟನ್ನಿನ ಅಮಲ್ ಕಂಪನಿಯ ಪರವಾನಗಿಯಿಂದ ಬೆಳೆದ ಈ ವಿನ್ಯಾಸದಲ್ಲಿ ಆಕ್ಸಿಲರೇಟರ್ ಕೇಬಲ್ ಒಂದು ಉರುಟಾದ ಸ್ಲೈಡನ್ನು ನೇರವಾಗಿ ಮೇಲೆತ್ತುತ್ತದೆ. ಸ್ಲೈಡಿನಿಂದ ಕೆಳಕ್ಕೆ ತೂಗುವ ಚೂಪಾದ ಸೂಜಿ ನೀಡಲ್ ಜೆಟ್ಟಿನೊಳಗೆ ಇಳಿದಿರುತ್ತದೆ.

ಆಕ್ಸಿಲರೇಟರ್ ಮುಚ್ಚಿದ್ದಾಗಿನಿಂದ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂಗಳ ಆಡಳಿತ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ತಳದಲ್ಲಿರುವ ಓರೆ ಕೊಯ್ತ ಹದವನ್ನು ನಿರ್ಧರಿಸುತ್ತದೆ. ಕೊಯ್ತ ಎತ್ತರವಾದಷ್ಟೂ ಮಿಶ್ರಣ ಲೀನ್. ಕಾಲಿನಿಂದ ಮುಕ್ಕಾಲು ಭಾಗದವರೆಗೆ ಸೂಜಿಯದೇ ಕಾರುಬಾರು. ಪೇಟೆಯ ಓಟವೂ ಹೆದ್ದಾರಿಯ ಸಾಮಾನ್ಯ ವೇಗವೂ ಹೆಚ್ಚಾಗಿ ಇದೇ ವಲಯಕ್ಕೆ ಬೀಳುವುದರಿಂದ ಮೈಲೇಜಿನ ಮೇಲೆ ಸೂಜಿಯ ಪ್ರಭಾವ ದೊಡ್ಡದು. ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು, ಒಂದರಲ್ಲಿ ಪುಟ್ಟ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇಳುತ್ತದೆ, ಮಿಶ್ರಣ ರಿಚ್ ಆಗುತ್ತದೆ; ಮೇಲೇರಿಸಿದರೆ ಲೀನ್. ಮುಕ್ಕಾಲಿನಿಂದ ಪೂರ್ತಿ ತೆರೆಯುವವರೆಗೆ ಮೇನ್ ಜೆಟ್ಟಿನ ರಂಧ್ರದ ಗಾತ್ರವೇ ಪ್ರಮಾಣ. ಈ ಗಡಿಗಳು ಗೆರೆ ಕೊರೆದಂತೆ ಇಲ್ಲ, ಒಂದರ ವ್ಯಾಪ್ತಿ ಇನ್ನೊಂದರೊಳಗೆ ಸೇರಿರುತ್ತದೆ. ಆದರೂ ಅರ್ಧ ಆಕ್ಸಿಲರೇಟರಿನಲ್ಲಿ ಮುಗ್ಗರಿಸುವ ಬೈಕಿಗೆ ಏರ್ ಸ್ಕ್ರೂ ತಿರುಗಿಸುವುದರಿಂದ ಏನೂ ಸಿಗುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬಹುದು. ಹಾಗೆ ತಿರುಗಿಸಿದರೆ ಸರಿಯಾಗಿದ್ದ ಸ್ಲೋ ಕೂಡ ಕೆಡುತ್ತದೆ.

ಹಂತ ಗುರುತಿಸಲು ಸರಳ ಉಪಾಯವೊಂದಿದೆ. ಆಕ್ಸಿಲರೇಟರ್ ಹಿಡಿಯ ಮೇಲೊಂದು, ಅದರ ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೊಂದು ಬಿಳಿ ಟೇಪಿನ ತುಂಡು ಅಂಟಿಸಿ, ಮುಚ್ಚಿದ ಸ್ಥಿತಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆದುಕೊಂಡರೆ, ಓಡಿಸುವಾಗ ಗಾಡಿ ಎಲ್ಲಿ ಎಡವುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಸ್ಪೀಡೋಮೀಟರ್ ಇದಕ್ಕೆ ಪ್ರಯೋಜನವಿಲ್ಲ. ಎರಡನೇ ಗೇರಿನಲ್ಲಿ 40 ಕಿಲೋಮೀಟರಿಗೂ ನಾಲ್ಕನೇ ಗೇರಿನಲ್ಲಿ 40 ಕಿಲೋಮೀಟರಿಗೂ ಆಕ್ಸಿಲರೇಟರ್ ತೆರೆದಿರುವ ಪ್ರಮಾಣ ಬೇರೆ.

ಗಾಡಿಯಿಂದ ಗಾಡಿಗೆ

ಎಲ್ಲ ಕಾರ್ಬೊರೇಟರುಗಳೂ ಒಂದೇ ಅಚ್ಚಿನವಲ್ಲ. ಬಜಾಜ್ ಚೇತಕ್ ಸ್ಕೂಟರಿನಲ್ಲಿ ಇದ್ದದ್ದು ವೆಸ್ಪಾದಿಂದ ಬಂದ ಡೆಲೋರ್ಟೊ ಎಸ್‌ಐ ಮಾದರಿ. ಅದು ಎಂಜಿನ್ನಿನ ಮೇಲೆಯೇ ಒಂದು ಪೆಟ್ಟಿಗೆಯೊಳಗೆ ಅಡಗಿ ಕೂತಿರುತ್ತದೆ, ಏರ್ ಫಿಲ್ಟರ್ ಅದರ ನೆತ್ತಿಯ ಮೇಲೆ. ಅದರ ಸ್ಲೈಡಿನಲ್ಲಿ ಸೂಜಿಯೇ ಇಲ್ಲ. ಹಾಗಾಗಿ ಕ್ಲಿಪ್ ಏರಿಸಿ ಇಳಿಸುವ ಪ್ರಶ್ನೆಯೂ ಇಲ್ಲ. ಮೇನ್ ಜೆಟ್, ಎಮಲ್ಷನ್ ಟ್ಯೂಬು, ಏರ್ ಜೆಟ್ ಮೂರೂ ಒಂದರ ಮೇಲೊಂದು ಜೋಡಿಸಿದ ಕಡ್ಡಿಯಂತಿದ್ದು, ಮಧ್ಯದ ಮತ್ತು ಮೇಲಿನ ಹಂತಗಳ ಹದವನ್ನು ಆ ಕಡ್ಡಿಯೇ ನೋಡಿಕೊಳ್ಳುತ್ತದೆ.

ಮಿಶ್ರಣದ ಸ್ಕ್ರೂ ತಿರುಗಿಸುವ ದಿಕ್ಕಿನಲ್ಲಿಯೂ ಇವೆರಡಕ್ಕೆ ವಿರೋಧವಿದೆ, ಎಷ್ಟೋ ಜನ ಎಡವುವುದೂ ಇಲ್ಲೇ. ಆರ್‌ಎಕ್ಸ್ 100ರ ವಿಎಂ ಮಾದರಿಯಲ್ಲಿ ಆ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದು ಗಾಳಿಯನ್ನು ಅಳೆಯುತ್ತದೆ. ಒಳಕ್ಕೆ ಬಿಗಿದರೆ ಗಾಳಿ ತಗ್ಗಿ ಮಿಶ್ರಣ ರಿಚ್ ಆಗುತ್ತದೆ. ಚೇತಕ್‌ನ ಸ್ಕ್ರೂ ಎಂಜಿನ್ ಕಡೆಗಿದ್ದು ಪೆಟ್ರೋಲು ಬೆರೆತ ಗಾಳಿಯನ್ನು ಅಳೆಯುತ್ತದೆ. ಅದನ್ನು ಒಳಕ್ಕೆ ಬಿಗಿದರೆ ಲೀನ್. ಸ್ಕ್ರೂ ಸ್ಲೈಡಿಗಿಂತ ಫಿಲ್ಟರ್ ಕಡೆಗಿದೆಯೋ ಎಂಜಿನ್ ಕಡೆಗಿದೆಯೋ ಎಂದು ನೋಡಿದರೆ ಯಾವ ಗಾಡಿಯಲ್ಲೂ ಈ ಗೊಂದಲ ಬಗೆಹರಿಯುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಮೂರು ದಶಕಕ್ಕೂ ಮೇಲ್ಪಟ್ಟು ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಕರ್ನಾಟಕದ ಮೆಕ್ಯಾನಿಕರಿಗೆ ಟೂ ಸ್ಟ್ರೋಕ್ ಎಂಜಿನ್ನಿನ ದೊಡ್ಡ ಪಾಠಶಾಲೆಯೇ ಆಗಿದ್ದವು. ಅವುಗಳಲ್ಲಿದ್ದ ಚೆಕೊಸ್ಲೊವಾಕಿಯಾ ಮೂಲದ ಜಿಕೊವ್ ಕಾರ್ಬೊರೇಟರಿನಲ್ಲಿ ಚೋಕಿನ ಕೆಲಸವನ್ನು ಟಿಕ್ಲರ್ ಎಂಬ ಗುಂಡಿ ಮಾಡುತ್ತಿತ್ತು. ಅದನ್ನು ಒತ್ತಿದರೆ, ತೇಲುತ್ತ ಮಟ್ಟ ಕಾಯುವ ಫ್ಲೋಟ್ ಕೆಳಗಿಳಿದು ಬೌಲ್‌ನಲ್ಲಿ ಪೆಟ್ರೋಲು ಮಾಮೂಲಿಗಿಂತ ಮೇಲೇರಿ ಜಿನುಗುತ್ತಿತ್ತು, ಆಮೇಲೆ ಕಿಕ್. ಮಳೆಗಾಲದ ಬೆಳಗಿನಲ್ಲಿ ಎಷ್ಟು ಹೊತ್ತು ಒತ್ತಬೇಕೆಂಬುದು ಸವಾರನ ಬೆರಳಿಗೆ ಅಭ್ಯಾಸವಾಗಿರಬೇಕಿತ್ತು. ಜಾಸ್ತಿಯಾದರೆ ಪ್ಲಗ್ ಒದ್ದೆಯಾಗಿ ಗಾಡಿ ಇನ್ನಷ್ಟು ಹಟ ಹಿಡಿಯುತ್ತಿತ್ತು.

ಹೋಂಡಾ ಆಕ್ಟಿವಾ, ಬಜಾಜ್ ಪಲ್ಸರ್‌ಗಳ ಹೊತ್ತಿಗೆ ಸಿವಿ ಮಾದರಿ ಬಂದಿತು. ಇಲ್ಲಿ ಕೇಬಲ್ ತೆರೆಯುವುದು ತಟ್ಟೆಯಂಥ ಒಂದು ವಾಲ್ವನ್ನು. ಸೂಜಿ ಹೊತ್ತ ಪಿಸ್ಟನ್ನನ್ನು ರಬ್ಬರ್ ಡಯಾಫ್ರಮ್ಮಿನ ಮೇಲಿನ ಒತ್ತಡದ ವ್ಯತ್ಯಾಸ ಮೇಲೆತ್ತುತ್ತದೆ. ಸವಾರ ಗಕ್ಕನೆ ಆಕ್ಸಿಲರೇಟರ್ ತಿರುವಿದರೂ ಪಿಸ್ಟನ್ ಎಂಜಿನ್ನಿಗೆ ಬೇಕಾದಷ್ಟೇ ಏಳುವುದರಿಂದ ಓಟ ನಯ. ಆದರೆ ಆ ಡಯಾಫ್ರಮ್ಮಿನಲ್ಲಿ ಸಣ್ಣ ತೂತು ಬಿದ್ದರೂ ಪಿಸ್ಟನ್ ಸರಿಯಾಗಿ ಏಳುವುದಿಲ್ಲ: ಸ್ಲೋ ಚೆನ್ನಾಗಿದೆ, ಗಾಡಿ ಹೊರಡುತ್ತದೆ, ಒಂದು ವೇಗದ ಮೇಲೆ ಮಾತ್ರ ಎಳೆಯುವುದಿಲ್ಲ. ಯಾವ ಸ್ಕ್ರೂ ತಿರುಗಿಸಿದರೂ ಇದು ಹೋಗದು. ಮುಚ್ಚಳ ಬಿಚ್ಚಿ ರಬ್ಬರನ್ನು ಬೆಳಕಿಗೆ ಹಿಡಿದು ನೋಡಬೇಕು.

ಕೈ ಹಚ್ಚುವ ಮೊದಲು

ಕಾರ್ಬೊರೇಟರಿನ ದೋಷವೆಂದು ಬರುವ ದೂರುಗಳಲ್ಲಿ ಎಷ್ಟೋ ಬೇರೆ ಕಡೆಯವು. ಧೂಳು ತುಂಬಿದ ಏರ್ ಫಿಲ್ಟರ್ ಮಿಶ್ರಣವನ್ನು ರಿಚ್ ಮಾಡುತ್ತದೆ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರಿದು ಅಥವಾ ಓ-ರಿಂಗ್ ಗಟ್ಟಿಯಾಗಿ ಕಳ್ಳಗಾಳಿ ನುಗ್ಗಿದರೆ ಲೀನ್ ಆಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಕೂಡಲೇ ಇಳಿಯದೆ ಮೇಲೆಯೇ ತೂಗಾಡುವುದು ಇದರ ಗುರುತು. ಟ್ಯಾಪೆಟ್ ಬಿಗಿಯಾಗಿದ್ದರೆ, ಪ್ಲಗ್ಗಿನ ಕಿಡಿ ದುರ್ಬಲವಾಗಿದ್ದರೆ, ಸೈಲೆನ್ಸರ್ ಕರಿಯಿಂದ ಕಟ್ಟಿಕೊಂಡಿದ್ದರೆ, ಬ್ರೇಕು ಹಿಡಿದುಕೊಂಡಿದ್ದರೆ ಕಾರ್ಬೊರೇಟರನ್ನು ದೂರಿ ಫಲವಿಲ್ಲ. ಆಕ್ಸಿಲರೇಟರ್ ಕೇಬಲಿಗೆ ಕೆಲವು ಮಿಲಿಮೀಟರ್ ಸಡಿಲವಿರಬೇಕು. ಇಲ್ಲವಾದರೆ ಹ್ಯಾಂಡಲ್ ತಿರುಗಿಸಿದಾಗಲೇ ಸ್ಲೋ ಏರುತ್ತದೆ.

ಬೌಲ್‌ನಲ್ಲಿ ಪೆಟ್ರೋಲಿನ ಮಟ್ಟ ಇನ್ನೊಂದು ಬುನಾದಿ. ಮಟ್ಟ ಹೆಚ್ಚಾದರೆ ಎಲ್ಲ ಹಂತಗಳೂ ರಿಚ್ ಕಡೆಗೆ, ಕಡಿಮೆಯಾದರೆ ಎಲ್ಲವೂ ಲೀನ್ ಕಡೆಗೆ ವಾಲುತ್ತವೆ. ಫ್ಲೋಟಿನ ಸೂಜಿ ಸವೆದು ಪೆಟ್ರೋಲು ನಿಲ್ಲದೆ ಹರಿಯುವುದನ್ನೇ ಓವರ್‌ಫ್ಲೋ ಎನ್ನುವುದು. ಡ್ರೈನ್ ರಂಧ್ರಕ್ಕೆ ಪಾರದರ್ಶಕ ಪೈಪು ಸಿಕ್ಕಿಸಿ ಬೌಲ್ ಪಕ್ಕಕ್ಕೆ ಎತ್ತಿ ಹಿಡಿದರೆ ಒಳಗಿನ ಮಟ್ಟ ಹೊರಗೇ ಕಾಣುತ್ತದೆ. ಇಷ್ಟು ನೋಡದೆ ಜೆಟ್ ಬದಲಿಸಲು ಹೊರಡುವುದು ಹಣ ಹಾಳು ಮಾಡುವ ಕೆಲಸ.

ಸ್ಲೋ ಹೊಂದಿಸುವ ಬಗೆ

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಹತ್ತು ನಿಮಿಷ ರಸ್ತೆಯ ಮೇಲೆ ಓಡಿಸಿ ತಂದದ್ದಾದರೆ ಒಳ್ಳೆಯದು. ತಣ್ಣಗಿನ ಎಂಜಿನ್ನಿನಲ್ಲಿ ಹೊಂದಿಸಿದ ಹದ ಬಿಸಿಯಾದಾಗ ರಿಚ್ ಆಗಿಬಿಡುತ್ತದೆ. ಮೊದಲು ಎಂಜಿನ್ ನಿಲ್ಲಿಸಿ ಮಿಶ್ರಣದ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ, ಅದು ತಾನಾಗಿ ತಾಗುವಲ್ಲಿಗೆ ನಿಲ್ಲಿಸಬೇಕು. ಬಲ ಹಾಕಿ ಬಿಗಿದರೆ ಅದರ ಚೂಪು ತುದಿ ತನ್ನ ಕೂರುವ ಜಾಗವನ್ನೇ ಕೆಡಿಸುತ್ತದೆ, ಆಮೇಲೆ ಯಾವ ಹೊಂದಿಕೆಯೂ ನಿಲ್ಲದು. ಅಲ್ಲಿಂದ ಕಂಪನಿ ಹೇಳಿದಷ್ಟು ಸುತ್ತು ಹೊರಕ್ಕೆ. ಸಣ್ಣ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸುತ್ತು.

ನಂತರ ಸ್ಟಾರ್ಟ್ ಮಾಡಿ, ಸ್ಲೋ ಸ್ಕ್ರೂವಿನಿಂದ ವೇಗವನ್ನು ತುಸು ಏರಿಸಿಟ್ಟು, ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ನಿಧಾನವಾಗಿ ತಿರುಗಿಸಬೇಕು. ಪ್ರತಿ ಸಲ ಕೆಲವು ಸೆಕೆಂಡು ಕಾಯಬೇಕು, ಎಂಜಿನ್ ಉತ್ತರ ಕೊಡಲು ಅಷ್ಟು ಹೊತ್ತು ಹಿಡಿಯುತ್ತದೆ. ಒಂದು ಕಡೆ ತಿರುಗಿಸಿದಾಗ ವೇಗ ಕುಗ್ಗುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದಾಗ ಏರಿ ಮತ್ತೆ ಕುಗ್ಗುತ್ತದೆ. ಎರಡರ ನಡುವೆ ವೇಗ ಅತಿ ಹೆಚ್ಚಾಗಿ, ಸದ್ದು ಸಮನಾಗಿರುವ ಜಾಗವೇ ಸರಿಯಾದ ಹದ. ಕೊನೆಗೆ ಸ್ಲೋ ಸ್ಕ್ರೂವಿನಿಂದ ವೇಗವನ್ನು ಇಳಿಸಬೇಕು. ಹೀರೊ ಹೋಂಡಾ ಸ್ಪ್ಲೆಂಡರಿಗೆ ನಿಮಿಷಕ್ಕೆ 1,400 ಸುತ್ತಿನ ಆಸುಪಾಸು ಸರಿ. ಭಾರದ ಫ್ಲೈವೀಲಿನ ಹಳೆಯ ಬುಲೆಟ್ ಅದಕ್ಕಿಂತ ಬಹಳ ನಿಧಾನವಾಗಿ ಬಡಿಯುತ್ತದೆ.

ಆಕ್ಸಿಲರೇಟರ್ ಒಮ್ಮೆ ತಿರುವಿ ಬಿಟ್ಟು ಪರೀಕ್ಷಿಸಬಹುದು. ವೇಗ ಸ್ಲೋಗಿಂತಲೂ ಕೆಳಗಿಳಿದು ಆಮೇಲೆ ಚೇತರಿಸಿಕೊಂಡರೆ ರಿಚ್. ಕೆಳಗಿಳಿಯಲು ತಡ ಮಾಡಿದರೆ ಲೀನ್. ಸ್ಕ್ರೂ ಪೂರ್ತಿ ಒಳಗೆ ಅಥವಾ ಮೂರು ಸುತ್ತಿಗೂ ಹೆಚ್ಚು ಹೊರಗೆ ಬಂದರೂ ಹದ ಸಿಗದಿದ್ದರೆ ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಥವಾ ಅದರ ಗಾತ್ರ ತಪ್ಪಿದೆ ಎಂದರ್ಥ.

ಮೇಲಿನ ಹಂತಗಳು ಮತ್ತು ಪ್ಲಗ್ಗಿನ ಬಣ್ಣ

ಮೇನ್ ಜೆಟ್ ಪರೀಕ್ಷೆಗೆ ಖಾಲಿ ರಸ್ತೆ ಬೇಕು. ಎಂಜಿನ್ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತೆರೆದು ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಕೂಡಲೇ ಎಂಜಿನ್ ಆರಿಸಿ ಪ್ಲಗ್ ಬಿಚ್ಚಿ ನೋಡುವುದು ಹಳೆಯ ಕ್ರಮ. ಕರಿ ಮಸಿ ಕಟ್ಟಿದ್ದರೆ ರಿಚ್, ತುದಿಯ ಪಿಂಗಾಣಿ ಸುಣ್ಣದಂತೆ ಬಿಳಿಚಿದ್ದರೆ ಲೀನ್, ತಿಳಿ ಕಂದು ಇದ್ದರೆ ಸರಿ. ಸ್ಲೋನಲ್ಲಿ ಗ್ಯಾರೇಜಿನವರೆಗೆ ಉರುಳಿಸಿಕೊಂಡು ಬಂದು ಬಿಚ್ಚಿದ ಪ್ಲಗ್ಗು ಸ್ಲೋ ಹಂತದ ಕಥೆಯನ್ನಷ್ಟೇ ಹೇಳುತ್ತದೆ; ಅದನ್ನು ನೋಡಿ ಮೇನ್ ಜೆಟ್ ಬದಲಿಸಬಾರದು. ಸೀಸ ಬೆರೆಸಿದ ಪೆಟ್ರೋಲು ಹೋದ ಮೇಲೆ ಬಣ್ಣ ಮೊದಲಿನಷ್ಟು ನಿಚ್ಚಳವಾಗಿ ಮೂಡುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜೆಟ್ಟಿನ ಮೇಲೆ ಕೆತ್ತಿದ ಸಂಖ್ಯೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಕೇಹಿನ್ ಕಂಪನಿಯ ಜೆಟ್ಟಿನ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಸೂಚಿಸಿದರೆ, ಮಿಕುನಿಯ ಆರು ಮೂಲೆಯ ಮೇನ್ ಜೆಟ್ಟಿನ ಸಂಖ್ಯೆ ಹರಿವಿನ ಪ್ರಮಾಣಕ್ಕೆ ಸಂಬಂಧಿಸಿದ್ದು. ಒಂದರ 100 ಇನ್ನೊಂದರ 100 ಆಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಳ್ಳುವಾಗ ಸಂಖ್ಯೆಯ ಜೊತೆ ಕಂಪನಿಯ ಗುರುತನ್ನೂ ನೋಡಿಕೊಳ್ಳಬೇಕು.

ಮೈಲೇಜಿಗಾಗಿ ಗಾಡಿಯನ್ನು ವಿಪರೀತ ಲೀನ್ ಮಾಡಿಸುವ ಚಾಳಿ ನಮ್ಮಲ್ಲಿ ಹಳೆಯದು, ಅಪಾಯದ್ದೂ ಹೌದು. ಶಕ್ತಿ ಸಾಲದೆ ಸವಾರ ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತಾನೆ, ಉಳಿದ ಪೆಟ್ರೋಲು ಅಲ್ಲಿಗೆ ಹೋಗುತ್ತದೆ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿಗಳಲ್ಲಂತೂ ನಷ್ಟ ಇಮ್ಮಡಿ. ಪೆಟ್ರೋಲು ಕಡಿಮೆಯಾದರೆ ಅದರೊಂದಿಗೆ ಬರುವ ಆಯಿಲೂ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಶಾಖ ಏರುತ್ತದೆ. ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ಎಂಜಿನ್ ಸೀಜ್ ಆದರೆ ಬೋರ್ ಮಾಡಿಸುವ ಖರ್ಚು ಉಳಿಸಿದ ಪೆಟ್ರೋಲಿನ ಬೆಲೆಯನ್ನು ಎಷ್ಟೋ ಪಾಲು ಮೀರುತ್ತದೆ.

ಘಟ್ಟ ಮತ್ತು ಕರಾವಳಿ

ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ. ಕಾರ್ಬೊರೇಟರಿನಲ್ಲಿ ಗಾಳಿಯ ತೂಕ ಸಾಂದ್ರತೆಯ ಪ್ರಮಾಣದಲ್ಲೇ ಇಳಿದರೆ, ಪೆಟ್ರೋಲಿನ ಹರಿವು ಸಾಂದ್ರತೆಯ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತದೆ. ಪರಿಣಾಮವಾಗಿ ಪ್ರತಿ 1,000 ಮೀಟರಿಗೆ ಮಿಶ್ರಣ ಸುಮಾರು ಶೇ. 5ರಷ್ಟು ರಿಚ್ ಆಗುತ್ತದೆ. ಮಂಗಳೂರಿನಲ್ಲಿ ಹೊಂದಿಸಿದ ಗಾಡಿ 920 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಅಷ್ಟೊಂದು ದೂರು ಹೇಳದು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹತ್ತಿರ ಮಿಶ್ರಣ ಶೇ. 10ರಷ್ಟು ರಿಚ್ ಆಗಿ, ಎಂಜಿನ್ ಮಂಕಾದದ್ದು ಸವಾರನಿಗೆ ಗೊತ್ತಾಗುತ್ತದೆ. ಲಡಾಖಿನ ಖರ್ದುಂಗ್ ಲಾ ಕಣಿವೆದಾರಿಯ ಎತ್ತರ 5,300 ಮೀಟರಿಗೂ ಹೆಚ್ಚು. ಅಲ್ಲಿ ಮಿಶ್ರಣ ಶೇ. 30ರಷ್ಟು ರಿಚ್ ಆಗುವುದರಿಂದ ಹಳೆಯ ಬುಲೆಟ್ಟುಗಳು ಕರಿಹೊಗೆ ಉಗುಳುತ್ತ ಏದುಸಿರು ಬಿಡುತ್ತವೆ. ಸಣ್ಣ ಜೆಟ್ ಹಾಕಿದರೆ ಹೊಗೆ ಹೋಗುತ್ತದೆ, ಆದರೆ ತೆಳುಗಾಳಿಯಿಂದ ಕಳೆದುಹೋದ ಶಕ್ತಿ ಮರಳಿ ಬರುವುದಿಲ್ಲ. ಕೆಳಗಿಳಿಯುವಾಗ ಹಳೆಯ ಜೆಟ್ಟನ್ನು ಮತ್ತೆ ಹಾಕಲು ಮರೆಯಬಾರದು, ಬಯಲಿನಲ್ಲಿ ಆ ಸಣ್ಣ ಜೆಟ್ ಎಂಜಿನ್ನನ್ನು ಸುಡುತ್ತದೆ.

ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತದೆ. ಮೊದಲು ಕಟ್ಟಿಕೊಳ್ಳುವುದು ಪೈಲಟ್ ಜೆಟ್, ಏಕೆಂದರೆ ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಚೋಕ್ ಎಳೆದಾಗ ಮಾತ್ರ ಓಡಿ, ತಳ್ಳಿದ ಕೂಡಲೇ ಆರುವ ಗಾಡಿಯಲ್ಲಿ ಬಹುಮಟ್ಟಿಗೆ ಇದೇ ಕಾಯಿಲೆ. ಕಬ್ಬಿಣದ ತಂತಿ ತೂರಿಸಿದರೆ ಹಿತ್ತಾಳೆಯ ಜೆಟ್ ಸವೆದು ದೊಡ್ಡದಾಗುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಹಾಕಿ ಗಾಳಿ ಹೊಡೆಸಿ, ಬೆಳಕಿಗೆ ಹಿಡಿದಾಗ ದುಂಡನೆಯ ರಂಧ್ರ ಕಾಣುವಂತಿದ್ದರೆ ಸಾಕು.

ಹೊಗೆ ತಪಾಸಣೆ, ಎಥನಾಲ್

ಎಮಿಷನ್ ಟೆಸ್ಟ್ ನಡೆಯುವುದೂ ಸ್ಲೋನಲ್ಲೇ. 2000ದ ಮಾರ್ಚ್ 31ರ ನಂತರ ತಯಾರಾದ ಕಾರ್ಬೊರೇಟರ್ ಕಾಲದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3.5, ಅದಕ್ಕೂ ಹಳೆಯವಕ್ಕೆ ಶೇ. 4.5 ಎಂದು ನಿಯಮ ಹೇಳಿತು. ಮಿಶ್ರಣದ ಸ್ಕ್ರೂ ತುಸು ತಿರುಗಿಸಿ ಈ ಪರೀಕ್ಷೆಯಲ್ಲಿ ಪಾಸಾದ ಗಾಡಿ, ಸೂಜಿ ಸವೆದಿದ್ದರೆ ರಸ್ತೆಯಲ್ಲಿ ಧಾರಾಳವಾಗಿ ಹೊಗೆ ಕಾರಬಲ್ಲದು. ಇದು ಪರೀಕ್ಷೆಯಲ್ಲೇ ಇರುವ ದೊಡ್ಡ ಕೊರತೆ. 2020ರ ಏಪ್ರಿಲ್ 1ರಂದು ಬಿಎಸ್ 6 ಮಾನದಂಡ ಜಾರಿಯಾದ ಮೇಲೆ ಹೊಸ ಗಾಡಿಗಳಲ್ಲಿ ಬಹುತೇಕ ಫ್ಯುಯೆಲ್ ಇಂಜೆಕ್ಷನ್ ಬಂದಿತು. ಆದರೆ ಹಳೆಯ ಕಾರ್ಬೊರೇಟರ್ ಗಾಡಿಗಳು ಇನ್ನೂ ಎಲ್ಲ ಊರುಗಳಲ್ಲೂ ಓಡುತ್ತಿವೆ, ಮತ್ತು ಅವುಗಳ ಹೊಟ್ಟೆಗೆ ಬೀಳುವ ಇಂಧನ ಬದಲಾಗಿದೆ.

ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಎಥನಾಲ್ ಉರಿಯಲು ತನ್ನ ತೂಕದ ಸುಮಾರು 9 ಪಟ್ಟು ಗಾಳಿ ಸಾಕು. ಹೀಗಾಗಿ ಇ20ರ ಸರಿಯಾದ ಹದ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನು ಗ್ರಹಿಸಿ ಸರಿಪಡಿಸಿಕೊಳ್ಳುತ್ತದೆ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಮೊದಲಿನಷ್ಟೇ ಸುರಿಯುತ್ತದೆ, ಮಿಶ್ರಣ ಶೇ. 8ರಷ್ಟು ಲೀನ್ ಆಗುತ್ತದೆ. ಬೆಂಗಳೂರಿನ ಎತ್ತರ ಅದರಲ್ಲಿ ಅರ್ಧದಷ್ಟನ್ನು ತಾನೇ ತುಂಬಿಕೊಡುತ್ತದೆ. ಕರಾವಳಿಯ ಸವಾರನಿಗೆ ಆ ರಿಯಾಯಿತಿಯಿಲ್ಲ. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಇಳಿಸುವುದು, ಮೇನ್ ಜೆಟ್ ಒಂದು ಅಳತೆ ಹೆಚ್ಚಿಸುವುದು ಇದಕ್ಕೆ ಪರಿಹಾರ. ರಂಧ್ರದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಕೇಹಿನ್ 80ರ ಬದಲು 82 ಹಾಕಿದರೆ ವಿಸ್ತೀರ್ಣ ಶೇ. 5ರಷ್ಟು, 85 ಹಾಕಿದರೆ ಶೇ. 13ರಷ್ಟು ಏರುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರಿಕೊಂಡು ನೀರನ್ನು ಟ್ಯಾಂಕಿನ ತಳಕ್ಕೆ ಇಳಿಸುತ್ತದೆ. ಆದ್ದರಿಂದ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲು ಖಾಲಿ ಮಾಡಿಡಬೇಕು. ಇಂಥ ಹಳೆಯ ಗಾಡಿಗೆ ಜೆಟ್ ಬದಲಿಸುವಾಗ ಪೆಟ್ರೋಲ್ ಪೈಪು, ಫ್ಲೋಟ್ ಸೂಜಿಯ ರಬ್ಬರ್ ತುದಿ, ಬೌಲ್ ಗ್ಯಾಸ್ಕೆಟ್‌ಗಳನ್ನೂ ಹೊಸದು ಹಾಕಿಸಿದರೆ ಆಗಾಗ ಬಿಚ್ಚುವ ಕೆಲಸ ತಪ್ಪುತ್ತದೆ.